ಬದನೆಕಾಯಿ ಬಣ್ಣದ ಉಳಿಗಳು

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದಂತೆ. ಇಪ್ಪತ್ತು ವರ್ಷ ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಯಾರು ಏನು ಮಾಡುತ್ತಾರೋ ನೋಡೋಣ. ಶಿವಪುತ್ರಪ್ಪ. ಬೈಲಹೊಂಗಲ ಕಡೆಯ ಕಮ್ಮಾರರು. ಪುಣೆಯ ಭವಾನಿ ಪೇಠೆಯಲ್ಲಿ, ಕಟ್ಟಿಗೆ ಅಡ್ಡೆಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದೆ ಕುಲುಮೆ, ನಡುವೆ ಒಂದೇ ಒಂದು ಖೋಲಿ, ಹಿಂದೆ ಹಿತ್ತಲು, ಹಿತ್ತಲ ಮೂಲೆಗೆ ಒಂದು ತಗಡಿನ ಮಾಡು. ತಿಂಗಳಿಗೆ ಮೂರು ದಿನ ನಾನು ಆ ಮಾಡಿನ ಕೆಳಗೆ ಕೂರಬೇಕು. ಯಾಕೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡಸರಿಗೆ ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಮುಖ ಮಾಡುತ್ತಾರೆ.

ನಾನು ಪಾರವ್ವ. ಕುಲುಮೆಯಲ್ಲಿ ತಿದಿ ಊದುವವಳು. ಚರ್ಮದ ಆ ದೊಡ್ಡ ಚೀಲದ ಸರಪಳಿ ಎಳೆದು ಬಿಟ್ಟು, ಎಳೆದು ಬಿಟ್ಟು ಬೆಂಕಿಗೆ ಗಾಳಿ ಕೊಡುವುದು ನನ್ನ ಕೆಲಸ. ಮಗಳು ಇಂದೂ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಅವಳಾದರೂ ಪಾರಾದಳು ಎಂದುಕೊಂಡೆ. ಇಲ್ಲಿ ಉಳಿದವರು ನಾನು, ನನ್ನ ಯಜಮಾನರು, ಮತ್ತೆ ಅವರ ಚಿಕ್ಕಪ್ಪನ ಮಗ ರಾಘಣ್ಣ. ರಾಘಣ್ಣ ದೊಡ್ಡ ಸುತ್ತಿಗೆ ಬೀಸುತ್ತಾನೆ. ತೋಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಕಮ್ಮಾರಿಕೆ ಎಂದರೆ ಕಿಡಿ ಹಾರುವುದು, ಸುತ್ತಿಗೆ ಕುಣಿಯುವುದು ಎಂದು ಜನ ತಿಳಿದಿದ್ದಾರೆ. ಬಂದು ಒಂದು ವಾರ ಇದ್ದು ನೋಡಲಿ. ಉಗುಳಿದರೆ ಕಪ್ಪು, ಸೀನಿದರೆ ಕಪ್ಪು. ರೊಟ್ಟಿ ಬಡಿದರೆ ಹಿಟ್ಟಿನ ಮೇಲೆ ನನ್ನ ಐದೂ ಬೆರಳಿನ ಗುರುತು. ಕಿಡಿ ಸಿಡಿದು ತೂತಾಗದ ಒಂದು ಸೀರೆ ನನ್ನ ಹತ್ತಿರ ಇಲ್ಲ. ಗಿರಾಕಿಗಳ ಮಾತಂತೂ ಕೇಳಲೇಬೇಡಿ. ಮೀನಿನ ಹುರುಪೆ ಅಂಟಿದ ಕೊಯ್ತಾ ಕತ್ತಿ ತಂದು ನನ್ನ ಕೈಗೇ ಕೊಡುತ್ತಾರೆ. ಟಾಂಗಾದವರು ಬಂದು ತಂಬಾಕು ಅಗಿಯುತ್ತ ನಿಂತು, ಉಳಿಗೆ ನೀರು ಕೊಡುವ ಕಲ್ಲು ಬಾನಿಯಲ್ಲೇ ಪಿಚಕ್ಕನೆ ಉಗುಳುತ್ತಾರೆ. ಥೂ! ಬಾನಿ ತೊಳೆಯುವವಳು ನಾನು. ಒಬ್ಬಳು ದೊಡ್ಡ ಮನೆಯ ಬಾಯಿ ಈಳಿಗೆ ಮಾಡಿಸಿಕೊಂಡು ಹೋದವಳು ಮೂರು ವರ್ಷದ ಮೇಲೆ ವಾಪಸು ತಂದು, ಮೊಂಡಾಗಿದೆ ಎಂದು ಜಗಳ ತೆಗೆದಳು. ಆ ಈಳಿಗೆಯಲ್ಲಿ ಅವಳು ತೆಂಗಿನಕಾಯಿ ಒಡೆದಿದ್ದಳು. ಇಂಥವರ ಮುಂದೆ ನಮ್ಮ ಯಜಮಾನರು ಕೈ ಕಟ್ಟಿ "ಹೌದ್ರಿ ಬಾಯಿಸಾಹೇಬ್ರ" ಎನ್ನುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಸುಳ್ಳು ಯಾಕೆ ಹೇಳಲಿ, ಒಂದು ಸುಖ ಇತ್ತು. ಕಲ್ಲು ಒಡೆಯುವ ಉಳಿಗೆ ನೀರು ಕುಡಿಸುವ ಹೊತ್ತು.

ಬಡಿದು ಚೂಪು ಮಾಡಿದ ಉಳಿಯನ್ನು ಕೆಂಪಗೆ ಕಾಯಿಸಿ, ಮೊನೆಯನ್ನಷ್ಟೇ ನೀರಿಗೆ ಅದ್ದಿ ತೆಗೆಯುತ್ತಾರೆ. ತೆಗೆದು ಇಟ್ಟಿಗೆ ಚೂರಿನಿಂದ ಒಂದು ಸಲ ಉಜ್ಜಿದರೆ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಹಿಂದಿನ ಕಾವು ಮೆಲ್ಲಗೆ ಮೊನೆಯ ಕಡೆ ಇಳಿಯುತ್ತದೆ, ಇಳಿಯುತ್ತ ಇಳಿಯುತ್ತ ಬಣ್ಣ ಬದಲಿಸುತ್ತದೆ. ಮೊದಲು ಜೋಳದ ದಂಟಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ಬದನೆಕಾಯಿ ಬಣ್ಣ, ಕೊನೆಗೆ ನೀಲಿ. ಕಲ್ಲಿನ ಉಳಿಗೆ ಬೇಕಾದದ್ದು ಬದನೆಕಾಯಿ. ಆ ಬಣ್ಣ ಮೊನೆ ಮುಟ್ಟಿದ ಕೂಡಲೇ ಇಡೀ ಉಳಿಯನ್ನು ನೀರಿಗೆ ಹಾಕಬೇಕು. ಅವಸರ ಮಾಡಿದರೆ ಉಳಿ ಚೂರಾಗುತ್ತದೆ, ತಡ ಮಾಡಿದರೆ ಮೊನೆ ಮಡಚಿಕೊಳ್ಳುತ್ತದೆ. ನಾಲ್ಕು ಸಲ ಕಣ್ಣು ಮಿಟುಕಿಸುವಷ್ಟೇ ಹೊತ್ತು. ಬಣ್ಣ ಸರಿಯಾಗಿ ಕಾಣಲೆಂದು ಬೀದಿ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು ಕತ್ತಲೆ ಮಾಡಿಕೊಳ್ಳುತ್ತಿದ್ದೆವು. ಆ ಹೊಗೆಯ ಗೂಡಿನಲ್ಲಿ ಅಂಥ ಚಂದದ ಬಣ್ಣಗಳು! ತಿದಿ ಎಳೆಯುತ್ತ ನಾನು ಅದನ್ನೇ ನೋಡುತ್ತ ಕೂರುತ್ತಿದ್ದೆ. ಬೇರೆ ಯಾವ ಒಡವೆ ನೋಡಿಯೂ ನನಗೆ ಅಷ್ಟು ಆಸೆಯಾಗಿಲ್ಲ.

ಒಂದು ದಿನ ನೋಡುತ್ತೇನೆ, ಬದನೆಕಾಯಿ ಬಣ್ಣ ಮೊನೆಗೆ ಬಂದಿದೆ, ಇವರು ಇಕ್ಕಳ ಹಿಡಿದು ಸುಮ್ಮನೆ ನಿಂತಿದ್ದಾರೆ. ಗಾಬರಿಯಾಗಿ ನನ್ನ ಕೈ ನಿಂತಿತು. ತಿದಿಯ ಸದ್ದು ನಿಂತದ್ದೇ ತಡ, ಇವರು ಉಳಿಯನ್ನು ನೀರಿಗೆ ಹಾಕಿದರು. ಮುಂದಿನ ಉಳಿಗೂ ಹಾಗೆಯೇ. ಆಮೇಲೆ ದಿನವೂ ಹಾಗೆಯೇ. ಅವರು ಬೆಂಕಿ ನೋಡಿ ನೋಡಿ ಕಣ್ಣು ಮಂಜು ಮಾಡಿಕೊಂಡಿದ್ದಾರೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ನಾನು ತಿದಿ ನಿಲ್ಲಿಸುವುದು, ಅವರು ಅದ್ದುವುದು. ಎರಡು ವರ್ಷ ಹೀಗೇ ನಡೆಯಿತು. ಅವರ ತ್ರಿಶೂಲದ ಅಚ್ಚು ಹೊಡೆದ ಉಳಿಯೆಂದರೆ ಕಲ್ಲೊಡೆಯುವವರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನ್ನನ್ನು ಕೇಳಿದರೆ "ಅವರ ಮನೆಯವಳು, ಗಾಳಿ ಊದತಾಳ" ಅಷ್ಟೇ.

ತೊಂದರೆ ಬಂದದ್ದು ತಗಡಿನ ಮಾಡಿನಿಂದ. ನಾನು ಹೊರಗಾದ ಮೂರು ದಿನ ರಾಘಣ್ಣ ತಿದಿ ಊದುತ್ತಿದ್ದ. ಅವನು ಬಣ್ಣ ನೋಡುವವನೇ? ಊರ ಸುದ್ದಿ ಹೇಳುತ್ತ ಒಂದೇ ಸಮನೆ ಊದುತ್ತಿದ್ದ. ಇವರು ಅಂದಾಜಿನ ಮೇಲೆ ಅದ್ದುತ್ತಿದ್ದರು. ಮೊದಮೊದಲು ಅಂದಾಜು ಹೇಗೋ ತಾಳೆ ಬೀಳುತ್ತಿತ್ತು. ಕಣ್ಣಿನ ಮಂಜು ದಟ್ಟವಾದ ಮೇಲೆ ಆ ಮೂರು ದಿನದ ಉಳಿಗಳು ಒಡೆದವು.

ಹಡಪಸರದ ಆಚೆ ಒಂದು ಕಲ್ಲಿನ ಗಣಿ. ನಮ್ಮ ಮುಕ್ಕಾಲು ಕೆಲಸ ಅಲ್ಲಿಯದೇ. ಅಲ್ಲಿನ ಮುಕಾದಮ ಮಾರ್ತಾಂಡ ಮರಾಠಿಯವನಾದರೂ ವಿಜಾಪುರ ಕಡೆಯ ಕಲ್ಲೊಡೆಯುವವರನ್ನು ದುಡಿಸಿ ದುಡಿಸಿ ಕನ್ನಡ ಕಲಿತಿದ್ದ. ಒಡೆದ ಉಳಿಗಳನ್ನು ನಮ್ಮ ಅಂಗಳಕ್ಕೆ ಸುರಿದು, "ಕಾಯ್ ಮಿಸ್ತ್ರಿ, ಇವು ಉಳಿ ಅದಾವೋ, ಶೇಂಗಾ ಚಿಕ್ಕಿ ಅದಾವೋ?" ಎಂದ.

ನಮ್ಮ ಯಜಮಾನರು ಏನು ಮಾಡಿದರು? ಇದ್ದಿಲು ಸರಿಯಿಲ್ಲ ಎಂದರು. ಇದ್ದಿಲು ಬದಲಾಯಿತು. ಅಷ್ಟರಲ್ಲಿ ನಾನು ತಲೆಗೆ ನೀರು ಹಾಕಿಕೊಂಡು ತಿದಿಗೆ ಬಂದಿದ್ದೆ, ಉಳಿ ಸರಿಹೋದವು. "ನೋಡಿದೇನ? ತಪ್ಪು ಇದ್ದಲೀದ" ಎಂದು ಮೀಸೆ ತಿರುವಿದರು. ಮುಂದಿನ ತಿಂಗಳು ಮತ್ತೆ ಒಡೆದವು. ನಳದ ನೀರು ಸರಿಯಿಲ್ಲ, ಮುಠಾ ಹೊಳೆಯ ನೀರೇ ಬೇಕು ಎಂದರು. ಹೊತ್ತು ತಂದವಳು ನಾನು, ನಾಲ್ಕನೇ ದಿನ. ಉಳಿ ಸರಿಹೋದವು, ಹೊಳೆಗೆ ಹೆಸರು ಬಂತು. ಮೂರನೇ ತಿಂಗಳು ಎದುರು ಮನೆಯ ರಂಗೂಬಾಯಿಯ ದೃಷ್ಟಿಯೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಪಾಪ, ಆ ಮುದುಕಿಗೆ ನಮ್ಮ ಬಾಗಿಲೇ ಕಾಣಿಸುತ್ತಿರಲಿಲ್ಲ.

ನನಗೆ ತಡೆಯದೆ ಒಂದು ದಿನ ಕೇಳಿದೆ: "ನಾ ಇಲ್ದಾಗಷ್ಟ ಯಾಕ ಒಡೀತಾವು? ಒಂದಿಷ್ಟು ವಿಚಾರ ಮಾಡ್ರಿ."

"ಹೆಣ್ಮಕ್ಕಳು ಗಾಳಿ ಊದಿದ್ರ ಉಳಿ ಗಟ್ಟಿ ಆಗ್ತಾವೇನ? ಸುಮ್ಮನ ಕೂಡು" ಎಂದರು.

ಹೇಸಿಗೆಯಾಯಿತು ನನಗೆ. ಗೊತ್ತಿಲ್ಲದವರು ಹೇಳಿದ್ದರೆ ಬಿಡಬಹುದಿತ್ತು. ಇವರಿಗೆ ಗೊತ್ತಿತ್ತು. ಹೊರಗಾದದ್ದನ್ನು ಮುಚ್ಚಿಟ್ಟು ತಿದಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕಮ್ಮಾರರ ಮನೆಯಲ್ಲೇ ಹುಟ್ಟಿದವಳು. ನಮ್ಮಲ್ಲಿ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ದೇವರು. ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚದೆ ಒಂದು ಏಟು ಹಾಕುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ಕಾಲು ತಗುಲಿದರೆ ಮುಟ್ಟಿ ನಮಸ್ಕಾರ ಮಾಡಬೇಕು. ಮೈಲಿಗೆಯಲ್ಲಿ ಅದರ ಹತ್ತಿರ ಹೋಗಲು ನನಗೂ ಎದೆ ಇರಲಿಲ್ಲ.

ನಾಲ್ಕನೇ ತಿಂಗಳು ಮಾರ್ತಾಂಡ ಒಬ್ಬನೇ ಬರಲಿಲ್ಲ. ಬಾಳು ಎಂಬ ಕಲ್ಲೊಡೆಯುವವನನ್ನು ಕರೆತಂದ. ಬಾಳುವಿನ ಅರ್ಧ ಮುಖಕ್ಕೆ ಬಟ್ಟೆ ಕಟ್ಟಿತ್ತು. ನಮ್ಮ ಉಳಿಯ ಮೊನೆ ಚೂರಾಗಿ ಸಿಡಿದು, ಕಣ್ಣಿನ ಕೆಳಗೆ ಒಂದು ಬೆರಳಿನಷ್ಟು ಬಿಟ್ಟು ಕೆನ್ನೆಗೆ ನೆಟ್ಟಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತ್ರಿಶೂಲದ ಅಚ್ಚಿದ್ದ, ರಕ್ತ ಅಂಟಿದ ಉಳಿಯ ಬುಡವನ್ನು ಅಡಿಗಲ್ಲಿನ ಪಕ್ಕ ಇಟ್ಟು ಹಿಂದೆ ಸರಿದು ನಿಂತ.

ಮಾರ್ತಾಂಡ ಹೇಳಿದ: "ಮಿಸ್ತ್ರಿ, ಇದು ಆಖರಿ. ನಲವತ್ತು ಉಳಿ ಬೇಕು, ಗುರುವಾರ ಮಧ್ಯಾಹ್ನಕ್ಕ. ನಾ ಕರಿಕಲ್ಲು ಗಾಡ್ಯಾಗ ಹೇರ್ಕೊಂಡ ಬರ್ತೀನಿ. ನಾ ಆರಿಸಿದ ಐದು ಉಳಿ ಇಲ್ಲೇ ಹೊಡೀಬೇಕು. ಒಂದು ಒಡೀತು ಅಂದ್ರ, ನಾಳಿಂದ ನಮ್ಮ ಗಣಿಗಿ ಅಂಗಡಿಯ ವಿಲಾಯತಿ ಉಳಿ. ನಿಮ್ಮ ತ್ರಿಶೂಲ ನೀವ ಇಟಗೋರಿ."

ಸೋಮವಾರ, ಮಂಗಳವಾರ ಕೂತು ಬಡಿದೆವು. ಬುಧವಾರ ಅಮಾವಾಸ್ಯೆ. ಅಮಾವಾಸ್ಯೆಗೆ ಕಮ್ಮಾರರು ಕುಲುಮೆ ಹಚ್ಚುವುದಿಲ್ಲ, ಹಾಗಾಗಿ ನೀರು ಕುಡಿಸುವ ಕೆಲಸವೆಲ್ಲ ಗುರುವಾರ ಬೆಳಿಗ್ಗೆಗೆ ಉಳಿಯಿತು. ಬುಧವಾರ ಬೆಳಗಾಗುವಷ್ಟರಲ್ಲಿ ನಾನು ಹೊರಗಾದೆ.

ಗುರುವಾರ ಮಾಡಿನ ಕೆಳಗೆ ಕೂತು ಕಿವಿ ನೆಟ್ಟಿದ್ದೆ. ತಿದಿ ಊದುವ ಸದ್ದು, ರಾಘಣ್ಣನ ಹರಟೆ, ಉಳಿ ನೀರಿಗೆ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಕಲ್ಲಿಗೆ ಹೊಡೆದು ನೋಡಿದರು. ಠಣ್ ಎಂದು ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದೂ ಒಡೆದಾಗ ರಾಘಣ್ಣನ ಹರಟೆಯೂ ನಿಂತಿತು. ಆಮೇಲೆ ಇವರು ಹಿತ್ತಲ ಬಾಗಿಲಿಗೆ ಬಂದು ಮೂರು ಮಾರು ದೂರ ನಿಂತರು.

"ಬಾ" ಎಂದರು.

"ಎಲ್ಲಿಗ್ರಿ?"

"ಒಳಗ."

"ನಾ ಹೊರಗದೀನಿ."

"ಗೊತ್ತದ."

"ಮತ್ತ?"

ನಾನು ಬಿಡಲಿಲ್ಲ. ಇಪ್ಪತ್ತು ವರ್ಷದ ಹೊಗೆ ನನ್ನ ಎದೆಯಲ್ಲಿತ್ತು. "ಯಾಕ ಬರಬೇಕು, ಹೇಳ್ರಿ" ಎಂದೆ.

ತಲೆ ತಗ್ಗಿಸಿದರು. "ಕಾಣವಲ್ದು" ಎಂದರು.

"ಏನ್ ಕಾಣವಲ್ದು?"

"ಬಣ್ಣ. ಎರಡ ವರ್ಷಾತು. ನೀ ತಿದಿ ನಿಲ್ಲಿಸೂದು ಕೇಳಿ ಅದ್ದತಿದ್ನಿ. ಪಾರೂ, ನಿನಗ ಕೈ ಮುಗೀತೀನಿ, ಬಾ."

ಪಾರೂ ಎಂದು ಕರೆದದ್ದು ಮದುವೆಯಾದ ಹೊಸದರಲ್ಲಿ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎದ್ದು ಸೆರಗು ಬಿಗಿದು ಒಳಗೆ ಹೋದೆ. ಹೊಸ್ತಿಲು ದಾಟುವಾಗ ಮನಸ್ಸಿನಲ್ಲೇ ಅಡಿಗಲ್ಲಿಗೆ ತಪ್ಪಾಯಿತು ಎಂದು ಕೈ ಮುಗಿದೆ.

ಅಂಥ ದಿನ ನನ್ನ ಬಾಳಿನಲ್ಲಿ ಇನ್ನೊಂದು ಬರಲಿಲ್ಲ. ಗೋಣಿತಟ್ಟು ಇಳಿಬಿಟ್ಟು, ಸರಪಳಿ ಹಿಡಿದು ನನ್ನ ಜಾಗದಲ್ಲಿ ಕೂತೆ. ಈ ಸಲ ತಿದಿ ನಿಲ್ಲಿಸುವ ಕಳ್ಳಾಟ ಬೇಕಾಗಲಿಲ್ಲ. ಇವರು ಉಳಿಯನ್ನು ಉಜ್ಜಿ ನನ್ನ ಕಣ್ಣ ಮುಂದೆಯೇ ಹಿಡಿದರು. ನಾನು ಬಾಯಿಬಿಟ್ಟು ಹೇಳಿದೆ: "ಬೆಲ್ಲ ಬಂತು... ತಡೀರಿ... ಬದನಿಕಾಯಿ. ಈಗ!" ಚುಂಯ್ ಎಂದು ನೀರಿಗೆ. ಮತ್ತೊಂದು. "ಈಗ!" ಮತ್ತೊಂದು. ಒಡೆದ ಮೂರನ್ನೂ ಮತ್ತೆ ಬಡಿದು ಮೊನೆ ಮಾಡಿ ಹದ ಕೊಟ್ಟೆವು. ನಲವತ್ತಕ್ಕೆ ನಲವತ್ತು. ರಾಘಣ್ಣ ಹಲ್ಲು ಬಿಟ್ಟು "ವೈನಿ, ನೀವ ಮಿಸ್ತ್ರಿ ನೋಡ್ರಿ" ಎಂದ. ಇವರೂ ನಕ್ಕರು. ನಾನು ಬೆವರು ಒರೆಸಿಕೊಳ್ಳುತ್ತ ನಕ್ಕೆ. ಈ ಹಾಳು ಕಸುಬಿನ ಮೇಲೆ ನನಗೆ ಪ್ರೀತಿ ಇತ್ತೆಂದು ಆ ದಿನವೇ ಗೊತ್ತಾದದ್ದು.

ಗಾಡಿಯ ಸದ್ದು ಕೇಳಿ ನಡುಮನೆಗೆ ಸರಿದೆ. ಬಾಗಿಲ ಸಂದಿನಿಂದ ನೋಡಿದೆ. ಮಾರ್ತಾಂಡ ಐದು ಉಳಿ ಆರಿಸಿದ. ಹೊಡೆದವನು ಬಾಳು, ಕೆನ್ನೆಗೆ ಇನ್ನೂ ಬಟ್ಟೆ ಇತ್ತು. ಮೊದಲ ಏಟಿಗೆ ಅವನು ಮುಖ ತಿರುಗಿಸಿಕೊಂಡ. ಕಲ್ಲು ಸೀಳಿತು. ಐದನೆಯ ಉಳಿಯ ಹೊತ್ತಿಗೆ ಅವನು ನೆಟ್ಟಗೆ ನೋಡಿಯೇ ಹೊಡೆಯುತ್ತಿದ್ದ. ಒಂದೂ ಒಡೆಯಲಿಲ್ಲ, ಒಂದೂ ಮಡಚಲಿಲ್ಲ.

"ವಾಹ್ ಮಿಸ್ತ್ರಿ! ಕೈಯಾಗ ಜಾದೂ ಅದ ನಿಮ್ದು" ಎಂದ ಮಾರ್ತಾಂಡ.

"ಎಲ್ಲಾ ನಮ್ಮಜ್ಜನ ವಿದ್ಯಾರಿ" ಎಂದರು ನಮ್ಮ ಯಜಮಾನರು.

ಇರಲಿ, ಗಂಡಸರ ಮುಂದೆ ಹಾಗೇ ಹೇಳಬೇಕಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮಾಡಿಗೆ ಹೋಗಿ ಕೂತೆ. ಗಾಡಿ ಹೋಯಿತು. ಇವರು ಹಿತ್ತಲಿಗೆ ಬರುತ್ತಾರೆ, ಒಂದು ಮಾತು ಆಡುತ್ತಾರೆ ಎಂದು ಕಾದೆ. ಬಂದರು. ಕೈಯಲ್ಲಿ ತಂಬಿಗೆ ಇತ್ತು. ಗೌಳಿಗರ ಕೊಟ್ಟಿಗೆಯಿಂದ ಗೋಮೂತ್ರ ತಂದಿದ್ದರು. ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಒಳಗೆ ಹೋದರು.

ಹಿತ್ತಲ ಬಾಗಿಲು ತೆರೆದೇ ಇತ್ತು, ಎಲ್ಲವೂ ಕಾಣುತ್ತಿತ್ತು. ಅಡಿಗಲ್ಲಿಗೆ ಗೋಮೂತ್ರ ಚಿಮುಕಿಸಿದರು. ತಿದಿಗೆ ಚಿಮುಕಿಸಿದರು. ನಾನು ಹಿಡಿದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ನಾನು ಕೂತಿದ್ದ ಮಣೆಯನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿದರು. ನಲವತ್ತು ಉಳಿ ಕುಡಿದು ಉಳಿದ ಬಾನಿಯ ನೀರನ್ನು ಗಟಾರಕ್ಕೆ ಚೆಲ್ಲಿದರು. "ಹೊರಗ ಎಲ್ಯರ ಬಾಯಿ ಬಿಟ್ಟೀ ನೋಡು" ಎಂದು ರಾಘಣ್ಣನಿಗೆ ಹೇಳಿದ್ದೂ ಕೇಳಿಸಿತು.

ತಂಬಾಕಿನ ಉಗುಳು ಬಿದ್ದಾಗ ಆ ಬಾನಿಗೆ ಮೈಲಿಗೆ ಆಗಿರಲಿಲ್ಲ. ಮೀನಿನ ಕೊಯ್ತಾ ಬಂದಾಗ ಅಡಿಗಲ್ಲಿಗೆ ಏನೂ ಆಗಿರಲಿಲ್ಲ. ಬಾಳುವಿನ ರಕ್ತ ಅಂಟಿದ ಉಳಿಯ ತುಂಡನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ನಾನು ಕೂತದ್ದಕ್ಕೆ ಮಣೆ ಸುಟ್ಟರು. ಥೂ! ಆ ದಿನ ರಾಘಣ್ಣ ತಂದಿಟ್ಟ ಝುಣಕ ರೊಟ್ಟಿಯನ್ನು ನಾಯಿಗೆ ಹಾಕಿದೆ.

ನೀರು ಹಾಕಿಕೊಂಡ ಮೇಲೆ ಹೊಸ ಮಣೆಯ ಮೇಲೆ ಕೂತು ತಿದಿ ಊದಿದೆ. ಮೊದಲಿನ ಹಾಗೇ ಸದ್ದು ನಿಲ್ಲಿಸುವುದು, ಅದ್ದುವುದು. ಬಾಯಿಬಿಟ್ಟು "ಈಗ" ಎನ್ನುವುದು ಇಲ್ಲ.

ಮುಂದಿನ ತಿಂಗಳು ನಾನು ಮಾಡಿಗೆ ಬಂದ ದಿನವೇ ಮಾರ್ತಾಂಡ ಮೊಂಡಾದ ಉಳಿಗಳ ಹೊರೆ ತಂದು ಹಾಕಿ, ತಾನೂ ಬಾಗಿಲ ಕಟ್ಟೆಯ ಮೇಲೆ ಕೂತ. ಬಾಳು ಗಾಡಿಯಲ್ಲಿದ್ದ. ಇವರು ಹಿತ್ತಲ ಬಾಗಿಲಿಗೆ ಬಂದರು. ಈ ಸಲ ತಲೆ ತಗ್ಗಿಸಲಿಲ್ಲ.

"ಬಾ ಲಗೂನ, ಮುಕಾದಮ ಬಂದು ಕೂತಾನ. ಹ್ವಾದ ತಿಂಗಳದಂಗ ಹಿಂದಿನ ಬಾಗಲಾಗಿಂದ ಬಾ. ಸಂಜೀಕ ಶುದ್ಧ ಮಾಡ್ಕೊಂಡ್ರಾತು."

ಒಂದು ಲೋಟ ನೀರು ತಾ ಎಂದ ಹಾಗೆ ಹೇಳಿದರು. ನಾನು ಕೂತಲ್ಲಿಂದ ಏಳಲಿಲ್ಲ.

"ಆ ತಂಬಿಗ್ಯಾಗ ಗೋಮೂತ್ರ ಉಳದಿದ್ರ ಕಣ್ಣಿಗಿ ಹಚ್ಕೋರಿ" ಎಂದೆ. "ಬಣ್ಣ ಕಂಡೀತು."

ಮುಖಕ್ಕೆ ಹೊಡೆದ ಹಾಗಾಯಿತು ಅವರಿಗೆ. ಏನೋ ಅನ್ನಲು ಹೋಗಿ, ಮುಕಾದಮನಿಗೆ ಕೇಳೀತೆಂದು ನುಂಗಿಕೊಂಡು ಒಳಗೆ ಹೋದರು. ರಾಘಣ್ಣ ತಿದಿ ಊದತೊಡಗಿದ. ಉಳಿ ನೀರಿಗೆ ಬಿತ್ತು. ಅವಸರವಾಯಿತು, ಇನ್ನೂ ಬೆಲ್ಲವೇ ಬಂದಿರಲಿಕ್ಕಿಲ್ಲ ಎಂದು ನನಗೆ ಕೂತಲ್ಲೇ ಗೊತ್ತಾಯಿತು. ಎರಡನೆಯದೂ ಹಾಗೇ ಬಿತ್ತು. ಒಡೆಯಲಿ, ಇವರ ತ್ರಿಶೂಲ ಹಾಳಾಗಿ ಹೋಗಲಿ ಎಂದು ಹಲ್ಲು ಕಚ್ಚಿದೆ. ಆದರೆ ಒಡೆಯುವುದು ಇವರ ಮುಖದ ಮೇಲಲ್ಲವಲ್ಲ! ಮೊದಲ ಏಟಿಗೆ ಬಾಳು ಮುಖ ತಿರುಗಿಸಿದ್ದು ಕಣ್ಣಿಗೆ ಕಟ್ಟಿತು. ಅವನ ಕಣ್ಣಿಗೂ ಆ ಗಾಯಕ್ಕೂ ನಡುವೆ ಇದ್ದದ್ದು ಒಂದು ಬೆರಳು.

ಎದ್ದೆ. ಹಿಂದಿನ ಬಾಗಿಲಿಂದ ಹೋಗಲಿಲ್ಲ. ಹಿತ್ತಲ ಗೋಡೆ ಸುತ್ತಿ, ಓಣಿಯಲ್ಲಿ ನಡೆದು, ಬೀದಿ ಬಾಗಿಲಿಗೆ ಬಂದೆ. ಮಾರ್ತಾಂಡ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ. ನಾನು ಗೋಣಿತಟ್ಟನ್ನು ಕಿತ್ತು ಬೀದಿಗೆ ಎಸೆದು ಒಳಗೆ ಹೋದೆ. ಹೋಗಿ ಅಡಿಗಲ್ಲಿನ ಮೇಲೆ ಕೂತೆ.

ಹೌದು, ಕೂತೆ. ನಮ್ಮ ಮನೆತನದಲ್ಲಿ ಯಾರೂ ಕೂರದ ಜಾಗದಲ್ಲಿ, ಕೂರಬಾರದ ದಿನ, ನಾಲ್ಕು ಜನರ ಎದುರು. ಕೈ ಚಾಚಿ ತಿದಿ ಮುಟ್ಟಿದೆ, ಬಾನಿ ಮುಟ್ಟಿದೆ, ಉಳಿಗಳ ರಾಶಿ ಮುಟ್ಟಿದೆ. ರಾಘಣ್ಣನ ಕೈಯಿಂದ ಸರಪಳಿ ಜಾರಿತು. ಇವರು ಇಕ್ಕಳ ಹಿಡಿದವರು ಹಿಡಿದಂತೆಯೇ ನಿಂತರು.

"ಏಳು" ಎಂದರು.

"ನೀವು ಶುದ್ಧ ಮಾಡ್ರಿ, ನಾ ಮತ್ತ ಬಂದು ಮುಟ್ತೀನಿ. ಎಷ್ಟು ಸಲ ಮಾಡ್ತೀರಿ ನೋಡ್ತೀನಿ" ಎಂದೆ.

ಬೆಂಕಿಗೆ ಗಾಳಿ ನಿಂತಿತ್ತು. ಕೆಂಡದ ಮೇಲೆ ಬೂದಿ ಕೂರತೊಡಗಿತು. ಇವರು ನನ್ನನ್ನು ನೋಡಿದರು, ಬಾಗಿಲಲ್ಲಿ ಬಂದು ನಿಂತಿದ್ದ ಬಾಳುವನ್ನು ನೋಡಿದರು, ಕೊನೆಗೆ ಇಕ್ಕಳವನ್ನು ಕೆಳಗಿಟ್ಟರು.

ಮಾರ್ತಾಂಡನಿಗೆ ತಲೆಬುಡ ತಿಳಿಯಲಿಲ್ಲ. "ಅಹೋ ಮಿಸ್ತ್ರಿ, ಏನ್ ನಡದದ ಇದು? ನಮ್ಮ ಉಳಿ ಯಾವಾಗ ಸಿಗ್ತಾವು?" ಎಂದು ಇವರನ್ನು ಕೇಳಿದ.

ನಾನೇ ಹೇಳಿದೆ.

"ನಾಲ್ಕನೇ ದಿನ ಬರ್ರಿ ಮುಕಾದಮರ. ನಾ ನೀರು ಹಾಕ್ಕೊಂಡ ಮ್ಯಾಲ."